ಸ್ವರಲಿಪಿಯ ಏಕರೂಪತೆ: ಒಂದು ಆಕ್ಷೇಪ

ಹಿಂದೂಸ್ಥಾನಿ ಸಂಗೀತಕ್ಕೆ ಏಕರೂಪದ ಲಿಪಿಯೊಂದು ಬೇಕೆಂಬ ವಾದ ಹಳೆಯದು. ಗಣಕಯಂತ್ರದಲ್ಲಿ ನಾದವನ್ನು ಸಂಸ್ಕರಿಸುವ ಪ್ಲಗಿನ್‌ಗಳು ಬಳಕೆಗೆ ಬಂದು, ಒಂದು ತಂತ್ರಾಂಶ ಬರೆದಿಟ್ಟುದನ್ನು ಇನ್ನೊಂದು ಓದಬೇಕಾಗಿರುವ ಈ ಕಾಲದಲ್ಲಿ ಅದಕ್ಕೆ ಹೊಸ ಬಲ ಬಂದಿದೆ. ಯಾವುದಾದರೊಂದನ್ನು ಆರಿಸಿ ಉಳಿದವನ್ನು ಕೈಬಿಡಬೇಕೆನ್ನುವರು. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಹಳೆಯ ಚೀಜುಗಳ ವಹಿಗಳನ್ನು ಗಣಕಕ್ಕೆ ಏರಿಸಲೆಳಸುವವರು ಇದನ್ನು ಒಪ್ಪುವ ಮುನ್ನ ಹಿಂದಿನದನ್ನು ನೋಡುವುದು ಲೇಸು.

1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯವನ್ನು ಸ್ಥಾಪಿಸಿದ ವಿಷ್ಣು ದಿಗಂಬರ ಪಲುಸ್ಕರರದು ಒಂದು ಲಿಪಿ. ವಿಷ್ಣು ನಾರಾಯಣ ಭಾತಖಂಡೆಯವರದು ಇನ್ನೊಂದು. ಭಾತಖಂಡೆ ಪದ್ಧತಿಯಲ್ಲಿ ಸ್ವರದ ಮೇಲಣ ಚುಕ್ಕೆ ತಾರಸಪ್ತಕದ ಗುರುತು. ಪಲುಸ್ಕರ ಪದ್ಧತಿಯಲ್ಲಿ ಅದೇ ಚುಕ್ಕೆ ಮಂದ್ರಸಪ್ತಕದ್ದು; ತಾರಕ್ಕೆ ಅಲ್ಲಿ ನಿಲುಗೆರೆ. ಸಮವನ್ನು ಒಬ್ಬರು ಗುಣಾಕಾರದಿಂದ ಸೂಚಿಸಿದರೆ ಮತ್ತೊಬ್ಬರು 1ರ ಅಂಕಿಯಿಂದ ಸೂಚಿಸುವರು. ಪದ್ಧತಿಯ ಹೆಸರಿಲ್ಲದ ಹಾಳೆಯನ್ನು ಅನ್ಯ ಪದ್ಧತಿಯವನು ಓದಿದರೆ ಸ್ವರ ಎರಡು ಸಪ್ತಕಗಳಷ್ಟು ಆಚೆ ಬೀಳುವುದು. ಕಾಗದದ ಮೇಲೆ ಮಾತ್ರ ಯಾವ ದೋಷವೂ ತೋರದು. ಅಪಾಯವಿರುವುದು ಲಿಪಿಗಳು ಎರಡಾದುದರಲ್ಲಿ ಅಲ್ಲ, ಅವು ತಮ್ಮ ಹೆಸರು ಹೇಳದಿರುವುದರಲ್ಲಿ.

ನಮ್ಮ ಸೀಮೆಗೆ ಇನ್ನೊಂದು ಕಾರಣವಿದೆ. ಹಾನಗಲ್ಲು ತಾಲೂಕಿನಲ್ಲಿ ಜನಿಸಿದ ಪಂಚಾಕ್ಷರಿ ಗವಾಯಿಗಳು (1892–1944), ಅವರ ಶಿಷ್ಯ ಪುಟ್ಟರಾಜ ಗವಾಯಿಗಳು (1914–2010) ಇಬ್ಬರೂ ಅಂಧರು. ಗದಗಿನ ವೀರೇಶ್ವರ ಪುಣ್ಯಾಶ್ರಮದ ಪರಂಪರೆ ಕಿವಿಯಿಂದ ಕಿವಿಗೆ ಹರಿದುದು. ಆರು ಚುಕ್ಕೆಗಳ ಬ್ರೈಲ್‌ನಲ್ಲಿ ಅಕ್ಷರದ ಮೇಲೆ, ಕೆಳಗೆ ಗುರುತಿಡಲು ಎಡೆಯಿಲ್ಲ. ಸಪ್ತಕದ ಗುರುತು ಸ್ವರಕ್ಕೆ ಮುಂಚೆ ಬರಬೇಕಾಗುವುದು. ಕಣ್ಣಿಗಾಗಿ ರಚಿತವಾದ ಲಿಪಿಯನ್ನೇ ಸರ್ವಸಾಮಾನ್ಯವೆಂದು ಸಾರುವವರು ಇದನ್ನು ಮರೆಯುವುದು ವಿಚಿತ್ರ!

1983ರ ಮಿಡಿ ಪದ್ಧತಿಯನ್ನೇ ಸ್ವೀಕರಿಸಬಾರದೇಕೆ ಎಂದು ಕೆಲವರು ಕೇಳುವರು. ಅದು ಸ್ವರಗಳಿಗೆ 0ಯಿಂದ 127ರವರೆಗೆ ಸಂಖ್ಯೆ ಕೊಡುತ್ತದೆ. 60 ಎಂದರೆ ಪಿಯಾನೋದ ನಡುವಣ ಸಿ. ಷಡ್ಜ ಯಾವ ಕೀಲಿಯೆಂಬುದನ್ನು ಅದು ಅರಿಯದು. ಮೀಂಡನ್ನು ಸ್ವರದಿಂದ ಬೇರ್ಪಟ್ಟ ಆದೇಶವಾಗಿ ಬರೆಯಬೇಕು. ಆ ಆದೇಶವೂ ಒಂದು ವಾಹಿನಿಯ ಸ್ವರಗಳನ್ನೆಲ್ಲ ಒಟ್ಟಿಗೆ ಎಳೆಯುವುದು. ಈ ಕುಂದನ್ನು ನೀಗಲು 2018ರಲ್ಲಿ ಪ್ರತಿ ಸ್ವರಕ್ಕೂ ಪ್ರತ್ಯೇಕ ವಾಹಿನಿ ಕೊಡುವ ವಿಸ್ತರಣೆಯೊಂದು ಅಂಗೀಕೃತವಾಯಿತು. ಹಾರ್ಮೋನಿಯಂ ಬಾರಿಸುವವನಿಗೆ ಹಳೆಯದೇ ಸಾಕು, ಗಾಯಕನಿಗೆ ಸಾಲದು.

ಆದುದರಿಂದ ಸಾಮಾನ್ಯ ಕಡತದ ತಲೆಯಲ್ಲಿ ಮೂಲಪ್ರತಿಯ ಪದ್ಧತಿ, ಆಧಾರಷಡ್ಜ, ತಾಲ ಇವು ಮೊದಲು ನಮೂದಾಗಬೇಕು. ಮೂಲ ಹಾಳೆಯ ಚಿತ್ರವೂ ಜೊತೆಗಿರಬೇಕು. ಮುಂದಿನವನು ನಮ್ಮ ಲಿಪ್ಯಂತರವನ್ನು ನಂಬದಿದ್ದರೆ ಚುಕ್ಕೆ ಎಲ್ಲಿತ್ತೆಂದು ತಾನೇ ನೋಡಿಕೊಳ್ಳಲಿ.