ಮುಲುಂಡಿನ ಸ್ಥಳೇತಿಹಾಸವೂ ಮುಂಬಯಿಯ ಕನ್ನಡ ಬರವಣಿಗೆಯೂ

2005ನೆಯ ಇಸವಿ ಜುಲೈ 26ರಂದು ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ ಇಪ್ಪತ್ತನಾಲ್ಕು ಗಂಟೆಗಳ ಅವಧಿಯಲ್ಲಿ 944 ಮಿಲಿಮೀಟರು ಮಳೆ ದಾಖಲಾಯಿತು. ಅದೇ ಅವಧಿಯಲ್ಲಿ ಕೊಲಾಬಾ ಕೇಂದ್ರವು ಅಳೆದುದು ಸುಮಾರು 73 ಮಿಲಿಮೀಟರು ಮಾತ್ರ. ನಗರ ಒಂದೇ, ದಿನವೂ ಒಂದೇ. ಆದರೆ ದಕ್ಷಿಣದ ತುದಿಗೆ ಅದು ಮಳೆಗಾಲದ ಇನ್ನೊಂದು ದಿನ, ಉಪನಗರಗಳಿಗೆ ಪ್ರಳಯ. ಸ್ಥಳೇತಿಹಾಸದ ತತ್ತ್ವವೆಲ್ಲವೂ ಈ ಎರಡು ಅಂಕಿಗಳಲ್ಲಿ ಅಡಗಿದೆಯೆನ್ನಬಹುದು. ಮಹಾನಗರದ ಮಳೆಯನ್ನು ಹೇಗೆ ಒಂದೇ ಮಾಪಕದಿಂದ ಅಳೆಯಲಾಗದೋ ಹಾಗೆಯೇ ಅದರ ಬಾಳನ್ನೂ ಒಂದೇ ಚರಿತ್ರೆಯಿಂದ ಅಳೆಯಲಾಗದು.

ಮುಂಬಯಿಯ ಇತಿಹಾಸವೆಂದು ಬರೆಯಲ್ಪಟ್ಟುದರಲ್ಲಿ ದೊಡ್ಡ ಪಾಲು ದ್ವೀಪನಗರದ್ದು: ಕೋಟೆ, ಬಂದರು, ಗಿರಣಿಗಳದ್ದು. ಮುಲುಂಡ್ ಆ ಕಥೆಯ ಅಂಚಿನಲ್ಲಿ ನಿಲ್ಲುತ್ತದೆ. 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೊರಟ ಮೊದಲ ಪ್ರಯಾಣಿಕರ ರೈಲು ಹಾದುಹೋದ ನೆಲವಿದು. ಬೃಹನ್ಮುಂಬಯಿಯ ಎಲ್ಲೆ 1957ರಲ್ಲಿ ಇಲ್ಲಿಯವರೆಗೆ ಚಾಚಿತು. ಪಡುವಲಿಗೆ ಕಾಡುಗುಡ್ಡ, ಮೂಡಲಿಗೆ ಉಪ್ಪಿನ ಆಗರ ಮತ್ತು ಠಾಣೆಯ ಖಾರಿ. ಗುಡ್ಡದ ನೀರು ಖಾರಿಯನ್ನು ಸೇರಬೇಕಾದರೆ ಹಳೆಯ ಆಗ್ರಾ ರಸ್ತೆಯನ್ನೂ ರೈಲುಹಳಿಯನ್ನೂ ದಾಟಿಯೇ ಸೇರಬೇಕು. ಈಗ ಲಾಲ್ ಬಹಾದುರ್ ಶಾಸ್ತ್ರಿ ಮಾರ್ಗವೆಂಬ ಹೆಸರಿನ ಆ ರಸ್ತೆಯ ಇಕ್ಕೆಲಗಳಲ್ಲಿ ಕಾರಖಾನೆಗಳು ಎದ್ದವು. ಅವುಗಳಲ್ಲಿ ಹಲವು ಮುಚ್ಚಿ, ಅವುಗಳ ನೆಲದಲ್ಲಿ ವಸತಿಗೋಪುರಗಳೂ ಮಾರಾಟ ಮಳಿಗೆಗಳೂ ಎದ್ದಿವೆ. ಹೀಗೆ ಈ ಊರಿನ ನೆನಪಿಗೆ ಎರಡು ಬಗೆಯ ಪ್ರವಾಹಗಳು ಬಡಿದಿವೆ: ಒಂದು ಮಳೆಯದು, ಇನ್ನೊಂದು ಬಂಡವಾಳದ್ದು. ಮೊದಲನೆಯದು ಇಳಿದ ಮೇಲೆ ಗೋಡೆಯ ಮೇಲೆ ಗುರುತನ್ನಾದರೂ ಉಳಿಸುತ್ತದೆ. ಎರಡನೆಯದು ಗೋಡೆಯನ್ನೇ ಉಳಿಸುವುದಿಲ್ಲ.

ಇಂಥ ಬಾಳಿಗೆ ಕನ್ನಡ ಬರವಣಿಗೆ ಸಲ್ಲಿಸಿದ ನ್ಯಾಯವೆಷ್ಟು ಎಂಬುದು ವಿಚಾರಾರ್ಹವಾದ ಪ್ರಶ್ನೆ. 1986ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಮುಂಬಯಿಯ ಕಾರ್ಮಿಕ ಸಂಘರ್ಷವನ್ನೇ ವಸ್ತುವಾಗಿ ಉಳ್ಳದ್ದು. ಯಶವಂತ ಚಿತ್ತಾಲರ ‘ಶಿಕಾರಿ’ 1979ರಲ್ಲಿ ಉದ್ಯಮದ ಆಡಳಿತದ ಮಹಡಿಯಲ್ಲಿ ಮನುಷ್ಯನೇ ಮನುಷ್ಯನನ್ನು ಬೇಟೆಯಾಡುವ ಬಗೆಯನ್ನು ತೋರಿಸಿತು. ಜಯಂತ ಕಾಯ್ಕಿಣಿಯವರ ‘ಒಪೆರಾ ಹೌಸ್’ ಕಥೆಯಲ್ಲಿ ಸಿನಿಮಾ ಮಂದಿರವನ್ನು ಗುಡಿಸುವವನು ಪ್ರೇಕ್ಷಕರು ಮರೆತುಹೋದ ವಸ್ತುಗಳಿಗೆ ಕಾವಲುಗಾರನಾಗುತ್ತಾನೆ. ಊರಿನ ದಾಖಲೆಗಳನ್ನು ಕಾಯುವವನಿಗೆ ಇದಕ್ಕಿಂತ ಒಳ್ಳೆಯ ಪ್ರತಿಮೆ ಸಿಗಲಾರದು.

ಆದರೆ ಇಲ್ಲಿ ಒಂದು ವಿವೇಚನೆ ಅವಶ್ಯ. ಕಾದಂಬರಿಯು ಭಯವನ್ನೂ ಆಸೆಯನ್ನೂ ಅವಮಾನವನ್ನೂ ಕಾಯ್ದಿಡಬಲ್ಲುದು. ನೀರು ಯಾವ ಮೆಟ್ಟಿಲಿನವರೆಗೆ ಏರಿತು, ಕಾರಖಾನೆಯ ಬಾಗಿಲು ಯಾವ ತಿಂಗಳು ಮುಚ್ಚಿತು, ಪಗಾರವೆಷ್ಟು ಬಾಕಿಯಿತ್ತು ಎಂಬುದನ್ನು ಹೇಳುವ ಹೊಣೆ ಅದರದಲ್ಲ. ಕಥೆಯಿರುವುದರಿಂದ ದಾಖಲೆ ಬೇಡವೆಂದು ಭಾವಿಸುವುದು ಕಥೆಗಾರರ ದೋಷವಲ್ಲ, ಓದುಗರ ಮತ್ತು ವಿಮರ್ಶಕರ ದೋಷ. ಈ ಕೊರತೆಯನ್ನು ದ್ವೀಪನಗರದ ಮಟ್ಟಿಗೆ ತುಂಬಲೆತ್ನಿಸಿದುದು, 2004ರಲ್ಲಿ ಮೀನಾ ಮೆನನ್ ಮತ್ತು ನೀರಾ ಆಡಾರ್ಕರ್ ಅವರು ಗಿರಣಗಾವಿನ ಕಾರ್ಮಿಕರ ಮಾತುಗಳನ್ನು ಸಂಗ್ರಹಿಸಿ ಇಂಗ್ಲಿಷಿನಲ್ಲಿ ಹೊರತಂದ ಮೌಖಿಕ ಇತಿಹಾಸ. 1982ರ ಮಹಾಮುಷ್ಕರವು ಅಲ್ಲಿ ಅದನ್ನು ಅನುಭವಿಸಿದವರ ಬಾಯಿಂದಲೇ ಬರುತ್ತದೆ. ಆದರೆ ಬಾಯಿಮಾತಿಗೂ ಕಾಗದದ ಆಸರೆ ಬೇಕು. ನೆನಪು ವರ್ಷಗಳನ್ನು ಹಿಂದುಮುಂದು ಮಾಡುತ್ತದೆ.

ಉಪನಗರದ ಕನ್ನಡಿಗನ ಕಾಗದಕ್ಕೆ ಇನ್ನೊಂದು ಅಪಾಯವುಂಟು. ರಾತ್ರಿಶಾಲೆಯ ಪ್ರಮಾಣಪತ್ರ, ಯೂನಿಯನ್ನಿನ ರಸೀತಿ, ಹೋಟೆಲಿನ ಲೆಕ್ಕದ ವಹಿ, ಊರಿನಿಂದ ಬಂದ ಪತ್ರ—ಇವೆಲ್ಲ ಮಂಚದ ಕೆಳಗಿನ ಟ್ರಂಕಿನಲ್ಲಿರುತ್ತವೆ. ನೀರು ಮೊದಲು ಮುಟ್ಟುವುದೂ ಅಲ್ಲಿಗೇ. ನೀರಿನಿಂದ ಉಳಿದರೂ ಮುಂದೆ ಮನೆಯನ್ನು ಖಾಲಿಮಾಡುವ ದಿನ ಬರುತ್ತದೆ. ಕನ್ನಡ ಮಾತನಾಡಬಲ್ಲರೂ ಓದಲರಿಯದ ಮೊಮ್ಮಕ್ಕಳ ಕೈಯಲ್ಲಿ ಆ ವಹಿ ರದ್ದಿಯಾಗುತ್ತದೆ. ತೊಯ್ದ ಕಾಗದವನ್ನು ಎರಡು ದಿನಗಳೊಳಗೆ ಒಣಗಿಸಿದರೆ ಬೂಷ್ಟಿನಿಂದ ಕಾಪಾಡಬಹುದು. ಓದುವವರಿಲ್ಲದ ಕಾಗದಕ್ಕೆ ಅಂಥ ಮದ್ದಿಲ್ಲ.

ಕಾಯುವವರು ಯಾರೆಂಬ ಪ್ರಶ್ನೆಯೂ ಸಣ್ಣದಲ್ಲ. ಅಮೆರಿಕದ ಪೆನ್ಸಿಲ್ವೇನಿಯಾದ ಉಕ್ಕಿನ ಊರಾದ ಜಾನ್ಸ್‌ಟೌನನ್ನು 1889ರ ಮೇ 31ರಂದು ಒಡೆದ ಅಣೆಕಟ್ಟಿನ ನೀರು ಕೊಚ್ಚಿತು. 2,200ಕ್ಕೂ ಮಿಕ್ಕಿ ಜನ ಸತ್ತರು. ಆ ಅಣೆಕಟ್ಟು ಸಿರಿವಂತರ ವಿಹಾರ ಕ್ಲಬ್ಬೊಂದರ ಸ್ವತ್ತು. ಉಕ್ಕಿನ ದೊರೆ ಕಾರ್ನೆಗಿ ಅದರ ಸದಸ್ಯರಲ್ಲೊಬ್ಬ. ಪ್ರವಾಹದ ಸಂಗ್ರಹಾಲಯವು ಇಂದು ಇರುವುದು ಅದೇ ಕಾರ್ನೆಗಿಯ ಹಣದಿಂದ ಮರುಕಟ್ಟಿದ ಗ್ರಂಥಾಲಯದ ಕಟ್ಟಡದಲ್ಲಿ. ದಾನವನ್ನು ಹೀಗಳೆಯಬೇಕಾಗಿಲ್ಲ, ಆದರೆ ನೆನಪಿನ ಮನೆಯನ್ನು ಯಾರು ಕಟ್ಟಿದರೆಂಬುದೂ ಇತಿಹಾಸದ ಭಾಗವೇ ಎಂಬುದನ್ನು ಮರೆಯಲಾಗದು. ಮುಲುಂಡಿನ ಕಾರಖಾನೆಗಳ ಕಥೆಯನ್ನು ಅವುಗಳ ನೆಲದ ಹೊಸ ಒಡೆಯರೇ ಬರೆದರೆ ಅದು ಗೋಪುರಗಳ ಪೂರ್ವಪೀಠಿಕೆಯಾದೀತು, ದುಡಿದವರ ಚರಿತ್ರೆಯಾಗಲಾರದು.

ಆದುದರಿಂದ ಈ ಕಾರ್ಯ ಸಂಘಸಂಸ್ಥೆಗಳಿಗೆ ಒಪ್ಪುವಂಥದು. ಅದಕ್ಕೆ ಭವನ ಬೇಡ. ಮನೆಮನೆಯ ಕಾಗದಗಳ ಪ್ರತಿ ತೆಗೆದು ಮೂಲವನ್ನು ಒಡೆಯರಿಗೇ ಮರಳಿಸುವುದು. ಪ್ರತಿಯನ್ನು ನೀರೇರದ ಎರಡು ಬೇರೆ ಬೇರೆ ಕಡೆ ಇಡುವುದು. ಹಿರಿಯರ ಮಾತಿನೊಡನೆ ದಿನಾಂಕವನ್ನು ತಾಳೆ ನೋಡುವುದು. ನೀರೇರಿದ ಮಟ್ಟವನ್ನು ಬೀದಿಬೀದಿಗೆ ಗುರುತಿಸುವುದು. ಪ್ರತಿಯೊಂದು ದಾಖಲೆಗೂ ಮರಾಠಿಯಲ್ಲಿ ಸಾರಾಂಶವಿರಬೇಕು; ನೆರೆಯವನಿಗೆ ತಿಳಿಯದ ಸ್ಥಳೇತಿಹಾಸವು ಸ್ಥಳದ್ದಾಗದೆ ಬರಿಯ ಜಾತಿಕೂಟದ್ದಾಗುತ್ತದೆ. ಒಂದೇ ಚಾಳಿನಲ್ಲಿ ಒಂದೇ ನೀರಿನಲ್ಲಿ ನಿಂತವರ ಕಥೆ ಭಾಷೆಯ ಗೋಡೆಯಿಂದ ಎರಡಾಗಬಾರದು.

ಕೊಲಾಬಾದ ಮಾಪಕ ಆ ದಿನ ಸುಳ್ಳು ಹೇಳಲಿಲ್ಲ. ತನ್ನ ಮೇಲೆ ಬಿದ್ದುದನ್ನಷ್ಟೇ ಅಳೆಯಿತು. ಉಪನಗರದ ಮೇಲೆ ಬಿದ್ದುದನ್ನು ಅಳೆಯಬೇಕಾದರೆ ಮಾಪಕವನ್ನು ಉಪನಗರದಲ್ಲಿಯೇ ಇಡಬೇಕು.