ಸವೆದದ್ದೇಕೆ ಎಂದು ಹೇಳದ ವಾರಂಟಿ

ಹೊಸ ಕಾರು ಇಪ್ಪತ್ತು ಸಾವಿರ ಕಿಲೋಮೀಟರ್ ಮುಟ್ಟುವ ಮೊದಲೇ ಕ್ಲಚ್ ಜಾರತೊಡಗುತ್ತದೆ. ವಾರಂಟಿ ಇನ್ನೂ ಮುಗಿದಿಲ್ಲ, ಸರ್ವಿಸ್ ಒಂದೂ ತಪ್ಪಿಲ್ಲ. ಆದರೂ ಸರ್ವಿಸ್ ಸೆಂಟರ್‌ನಲ್ಲಿ ಮಾಲೀಕರು ಕೇಳುವುದು ಹೆಚ್ಚಾಗಿ ಎರಡೇ ಮಾತು: ಇದು ಸವೆಯುವ ಭಾಗ, ವಾರಂಟಿಗೆ ಬರುವುದಿಲ್ಲ, ನೀವು ಕ್ಲಚ್ ಮೇಲೆ ಕಾಲಿಟ್ಟೇ ಓಡಿಸುತ್ತೀರಿ. ಮೊದಲನೆಯದು ವಾರಂಟಿ ಪುಸ್ತಕದಲ್ಲಿ ಅಚ್ಚಾದ ಷರತ್ತು. ಎರಡನೆಯದು ಆರೋಪ, ಅದಕ್ಕೆ ಆಧಾರವೇನೆಂದು ಯಾರೂ ಬರೆದುಕೊಡುವುದಿಲ್ಲ.

ಷರತ್ತು ಅನ್ಯಾಯದ್ದೇನಲ್ಲ. ಕ್ಲಚ್ ಪ್ಲೇಟ್, ಬ್ರೇಕ್ ಪ್ಯಾಡ್, ವೈಪರ್ ಬ್ಲೇಡ್‌ಗಳು ಸವೆಯಲೆಂದೇ ಇರುವಂಥವು. ಬೆಂಗಳೂರಿನ ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ದಿನವೂ ಹಾಫ್ ಕ್ಲಚ್‌ನಲ್ಲೇ ತೆವಳುವ ಕಾರಿನ ಪ್ಲೇಟ್ ಬೇಗ ಸುಟ್ಟರೆ ಕಂಪನಿ ಅದರ ಖರ್ಚು ಹೊರಬೇಕಿಲ್ಲ. ತಕರಾರು ಇರುವುದು ಷರತ್ತನ್ನು ಬಳಸುವ ರೀತಿಯ ಬಗ್ಗೆ. ಭಾಗ ಯಾವ ವರ್ಗದ್ದು ಎಂದು ಹೇಳಿದ ಮಾತ್ರಕ್ಕೆ ಅದು ಅವಧಿಗೆ ಮುಂಚೆ ಏಕೆ ಹೋಯಿತು ಎಂಬುದಕ್ಕೆ ಉತ್ತರ ಸಿಕ್ಕಂತಾಗುವುದಿಲ್ಲ.

ಬಿಚ್ಚಿ ನೋಡಿದರೆ ಆ ಉತ್ತರ ಬಹುಮಟ್ಟಿಗೆ ಭಾಗದ ಮೇಲೇ ಇರುತ್ತದೆ. ಫ್ಲೈವೀಲ್ ಮತ್ತು ಪ್ರೆಶರ್ ಪ್ಲೇಟ್ ಮೇಲೆ ನೀಲಿಗಟ್ಟಿದ ಕಲೆ, ಸಣ್ಣ ಬಿರುಕು, ಸುಟ್ಟು ಹೊಳಪೇರಿದ ಲೈನಿಂಗ್ ಕಂಡರೆ ಅತಿಯಾದ ಬಿಸಿಯ ಗುರುತು. ಚಾಲನೆಯ ಬಗ್ಗೆ ಕಂಪನಿ ಹೇಳುವುದರಲ್ಲಿ ಆಗ ಹುರುಳಿರಬಹುದು. ಎಂಜಿನ್ನಿನ ಹಿಂಬದಿಯ ಆಯಿಲ್ ಸೀಲ್ ಸೋರಿ ಲೈನಿಂಗ್ ಎಣ್ಣೆಯಲ್ಲಿ ನೆಂದಿದ್ದರೆ ಕಥೆಯೇ ಬೇರೆ: ಸೋತದ್ದು ಸೀಲ್, ಜಾರಿದ್ದು ಕ್ಲಚ್. ಬ್ರೇಕಿನಲ್ಲಂತೂ ಇನ್ನೂ ಸ್ಪಷ್ಟ. ಒಂದೇ ಚಕ್ರದ ಒಳಗಿನ ಪ್ಯಾಡ್ ಲೋಹದವರೆಗೆ ಸವೆದು ಹೊರಗಿನದು ದಪ್ಪವಾಗಿಯೇ ಉಳಿದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕ್ಯಾಲಿಪರ್ ಸಿಕ್ಕಿಕೊಂಡಿದೆಯೇ ಎಂದು. ಚಾಲಕರ ಕಾಲು ಒಂದೇ ಪ್ಯಾಡನ್ನು ಆರಿಸಿಕೊಂಡು ಒತ್ತಲಾರದು.

ಇಷ್ಟನ್ನೂ ಓದಬಲ್ಲ ಮೆಕ್ಯಾನಿಕ್, ಸರ್ವಿಸ್ ದಾಖಲೆ, ಅದೇ ಮಾದರಿಯ ಬೇರೆ ಕಾರುಗಳ ದೂರುಗಳು ಎಲ್ಲವೂ ಇರುವುದು ಕಂಪನಿಯ ಕಡೆ. ಆದರೂ ದೋಷವನ್ನು ಸಾಬೀತು ಮಾಡುವ ಹೊರೆ ಬೀಳುವುದು ಕಾರು ಕೊಂಡವರ ಮೇಲೆ.

ಈ ಅಸಮತೋಲನ ಎಲ್ಲಿಗೆ ಮುಟ್ಟಬಹುದು ಎಂಬುದನ್ನು ಆಸ್ಟ್ರೇಲಿಯಾದ ಒಂದು ಪ್ರಕರಣ ತೋರಿಸಿತು. ಫೋರ್ಡ್ ಕಂಪನಿಯ ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳ ಪವರ್‌ಶಿಫ್ಟ್ ಗೇರ್‌ಬಾಕ್ಸ್ ಅದುರುತ್ತದೆ ಎಂದು ಗ್ರಾಹಕರು ದೂರುತ್ತಿದ್ದರು. ಗುಣಮಟ್ಟದ ದೋಷ ಗೊತ್ತಿದ್ದೂ ಕಂಪನಿ ಅನೇಕರಿಗೆ ಹೇಳಿದ್ದು ಒಂದೇ: ತಪ್ಪು ನಿಮ್ಮ ಓಡಿಸುವ ರೀತಿಯದು. 2018ರಲ್ಲಿ ಅಲ್ಲಿನ ಫೆಡರಲ್ ಕೋರ್ಟ್ ದೂರುಗಳನ್ನು ನಿಭಾಯಿಸಿದ ಈ ರೀತಿಗಾಗಿಯೇ 1 ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ವಿಧಿಸಿತು.

ನಮ್ಮ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ಬಲವಿಲ್ಲವೆಂದಲ್ಲ. ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಕಾಲಮಿತಿ 2 ವರ್ಷ. ಪರೀಕ್ಷೆಯಿಲ್ಲದೆ ದೋಷ ತಿಳಿಯದು ಎನಿಸಿದರೆ 38ನೇ ಸೆಕ್ಷನ್ ಪ್ರಕಾರ ಆಯೋಗವೇ ಮಾದರಿ ಪಡೆದು, ಮೊಹರು ಮಾಡಿ, ಪ್ರಯೋಗಾಲಯಕ್ಕೆ ಕಳುಹಿಸುತ್ತದೆ. ವರದಿಗೆ 45 ದಿನದ ಗಡುವು. ಪರೀಕ್ಷೆಯ ಶುಲ್ಕವನ್ನು ಮಾತ್ರ ದೂರುದಾರರೇ ಮೊದಲು ಕಟ್ಟಬೇಕು. ನೊಂದವರಿಂದಲೇ ಹಣ ಕಟ್ಟಿಸುವ ಈ ಏರ್ಪಾಡು ಸರಿಯಲ್ಲ.

ನ್ಯಾಯಾಲಯದ ಧೋರಣೆ ಎರಡೂ ಕಡೆ ತೂಗುತ್ತದೆ. ಮಾರುತಿ ಉದ್ಯೋಗ್ ಸಂಸ್ಥೆಯ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್, ವಾರಂಟಿ ಭಾಗ ಬದಲಿಸಲು ಒಪ್ಪಿರುವಾಗ ಇಡೀ ಕಾರನ್ನೇ ಬದಲಿಸಿಕೊಡಿ ಎನ್ನುವುದು ಸಲ್ಲದು ಎಂದಿತು. 2022ರಲ್ಲಿ ಹುಂಡೈ ಕ್ರೆಟಾದ ಏರ್‌ಬ್ಯಾಗ್ ತೆರೆಯದ ಪ್ರಕರಣದಲ್ಲಿ, ವೇಗ ಮತ್ತು ಬಲದ ಲೆಕ್ಕ ಹಾಕುವ ಭೌತಶಾಸ್ತ್ರ ಗ್ರಾಹಕರಿಗೆ ಗೊತ್ತಿರಬೇಕೆಂದು ನಿರೀಕ್ಷಿಸಲಾಗದು ಎಂದಿತು. ಕ್ಲಚ್ಚಿನ ಲೋಹಶಾಸ್ತ್ರವನ್ನು ಅವರಿಂದ ನಿರೀಕ್ಷಿಸುವುದೂ ಅಷ್ಟೇ ತಪ್ಪು.

ಹಾಗಾಗಿ ಹೊರೆ ಕದಲಬೇಕು. ಬ್ರಿಟನ್ನಿನ 2015ರ ಗ್ರಾಹಕ ಹಕ್ಕುಗಳ ಕಾಯ್ದೆಯಲ್ಲಿ, ಕೊಂಡ ಆರು ತಿಂಗಳೊಳಗೆ ಕಾಣಿಸಿಕೊಂಡ ದೋಷ ಮಾರುವಾಗಲೇ ಇತ್ತೆಂದು ಭಾವಿಸಲಾಗುತ್ತದೆ. ಅಲ್ಲವೆಂದು ತೋರಿಸಬೇಕಾದವರು ಮಾರಿದವರು. ಇಲ್ಲಿ ಅಂಥ ನಿಯಮ ಬರುವವರೆಗೆ ಮಾಲೀಕರು ಕೌಂಟರ್‌ನಲ್ಲೇ ಮೂರನ್ನು ಕೇಳಿ ಪಡೆಯಬೇಕು: ನಿರಾಕರಣೆಯ ಕಾರಣ ಲಿಖಿತವಾಗಿ, ಬಿಚ್ಚಿದ ಭಾಗದ ಫೋಟೊ, ಮತ್ತು ಆ ಹಳೆಯ ಭಾಗ. ಪ್ಲೇಟ್ ಗುಜರಿಗೆ ಹೋಗಿಬಿಟ್ಟರೆ ಪ್ರಯೋಗಾಲಯಕ್ಕೆ ಕಳುಹಿಸಲು ಆಯೋಗದ ಬಳಿ ಏನೂ ಇರುವುದಿಲ್ಲ. ಕೊಡಲು ಒಪ್ಪದಿದ್ದರೆ ಆ ನಿರಾಕರಣೆಯನ್ನೂ ಇಮೇಲ್‌ನಲ್ಲಿ ದಾಖಲಿಸಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.