ಧನ ದನವಾದ ಪುಟ

ಹಳೆಯ ಕಥಾಸಂಕಲನವೊಂದನ್ನು ಸ್ಕ್ಯಾನ್ ಮಾಡಿ ಒಸಿಆರ್‌ನಿಂದ ಪಠ್ಯವಾಗಿಸುತ್ತಿದ್ದೆ. ಸಾಹುಕಾರ ದನ ಕಳೆದುಕೊಂಡನೆಂದು ಬಂತು. ಹಳ್ಳಿಯ ಕಥೆ, ಇರಬಹುದೆಂದು ಮುಂದೆ ಹೋದೆ. ನಾಲ್ಕು ಪುಟ ಕಳೆದ ಮೇಲೆ ಅನುಮಾನ ಬಂದು ಬಣ್ಣದ ಪ್ರತಿ ತೆರೆದರೆ, ಅಲ್ಲಿದ್ದದ್ದು ಧನ.

ಅಕ್ಷರ ಓದುವ ತಂತ್ರಾಂಶವನ್ನು ಬೈದು ಪ್ರಯೋಜನವಿಲ್ಲ, ತಪ್ಪು ಅದಕ್ಕೂ ಮೊದಲೇ ಆಗಿತ್ತು. ಪುಟವನ್ನು ಕಪ್ಪು-ಬಿಳುಪಿಗೆ ಇಳಿಸುವಾಗ ಪ್ರತಿ ಚುಕ್ಕಿಯೂ ಶಾಯಿಯೋ ಕಾಗದವೋ ಎಂದು ತೀರ್ಮಾನವಾಗಬೇಕು. ಒತ್ಸು 1979ರಲ್ಲಿ ಪ್ರಕಟಿಸಿದ ವಿಧಾನ ಇಡೀ ಪುಟಕ್ಕೆ ಒಂದೇ ಮಿತಿ ಹಾಕುತ್ತದೆ. ಹೊಸ ಮುದ್ರಣಕ್ಕೆ ಅಷ್ಟು ಸಾಕು. ಶಾಯಿ ಮಾಸಿದ ಪುಟದಲ್ಲಿ ಮಾತ್ರ ದ-ಧ, ಬ-ಭಗಳನ್ನು ಬೇರ್ಪಡಿಸುವ ಬುಡದ ಸಣ್ಣ ಗೆರೆಯೇ ಮೊದಲು ಹೋಗುತ್ತದೆ. ಅದನ್ನು ಉಳಿಸಲು ಮಿತಿ ಸಡಿಲಿಸಿದೆನೋ, ಒತ್ತಕ್ಷರಗಳ ಹೊಟ್ಟೆ ತುಂಬಿ ಮಸಿಯುಂಡೆಗಳಾದವು! ಸುತ್ತಲಿನ ಚುಕ್ಕಿಗಳನ್ನು ನೋಡಿ ಜಾಗಜಾಗಕ್ಕೆ ಮಿತಿ ಬದಲಿಸುವ ಸೌವೊಲಾ ವಿಧಾನ ಕೊನೆಗೆ ಕೈಹಿಡಿಯಿತು.

ಗ್ರಂಥ ಸಂಪಾದನೆಯೆಂದರೆ ಪಾಠಾಂತರಗಳನ್ನು ತೂಗುವುದು ಎಂದು ತರಗತಿಯಲ್ಲಿ ಕಲಿತಿದ್ದೆ. ಇಲ್ಲಿ ಪಾಠಾಂತರ ಹುಟ್ಟಿಸುತ್ತಿದ್ದವನೇ ನಾನು. ಕಡತ ಹಗುರಾಗಲೆಂದು ಬಣ್ಣದ ಪ್ರತಿಯನ್ನು ಅಳಿಸಿಬಿಡುವವರ ಮೇಲೆ ನನ್ನ ತಕರಾರು ಇದೇ. ಅವರು ಕೊಟ್ಟ ಪಠ್ಯವನ್ನು ಪರೀಕ್ಷಿಸಲು ಓದುಗನಿಗೆ ಏನೂ ಉಳಿಯುವುದಿಲ್ಲ. ಅಂದಹಾಗೆ, ಅದೇ ಪುಟದ ಅಂಚಿನಲ್ಲಿ ಯಾರೋ ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಕಪ್ಪು-ಬಿಳುಪಿನ ಪ್ರತಿಯಲ್ಲಿ ಅದರ ಸುಳಿವೇ ಇರಲಿಲ್ಲ.